ಕಿವಿಮಾತು ಹೇಳಿದ ವೈದ್ಯೆ

ಹೆಣ್ಣು ತನ್ನ ದೇಹದ ತೊಂದರೆಯನ್ನು ಹೆತ್ತ ತಾಯಿಯೊಡನೆಯೂ ಬಾಯಿಬಿಟ್ಟು ಹೇಳಲು ನಾಚುತ್ತಿದ್ದ ಕಾಲವದು. ಬಸುರಿ ಬಾಣಂತಿಯರ ಪಥ್ಯವನ್ನು ನೆರೆಮನೆಯ ಅಜ್ಜಿ ಗೊತ್ತುಮಾಡುತ್ತಿದ್ದಳು. ಹೆಣ್ಣುಮಗು ಹುಟ್ಟಿತೆಂದರೆ ತಪ್ಪು ಸೊಸೆಯದಾಗುತ್ತಿತ್ತು. ಶಿಶು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆಂಬ ಸಂಗತಿ ವೈದ್ಯರಿಗೆ ಗೊತ್ತಿತ್ತು. ಮನೆಯ ಅತ್ತೆಗೆ ಅದನ್ನು ತಿಳಿಯಹೇಳುವವರಿರಲಿಲ್ಲ. ಆಸ್ಪತ್ರೆಯೊಳಗಿನ ಈ ಅರಿವನ್ನು ತಿಳಿಗನ್ನಡದಲ್ಲಿ ನಡುಮನೆಗೆ ತಂದುಕೊಟ್ಟವರಲ್ಲಿ ಡಾಕ್ಟರ್ ಅನುಪಮಾ ನಿರಂಜನ ಅವರ ಹೆಸರು ಎದ್ದು ಕಾಣುತ್ತದೆ.

ಅವರು ಹುಟ್ಟಿದ್ದು 1934ರಲ್ಲಿ, ಮಲೆನಾಡಿನ ತೀರ್ಥಹಳ್ಳಿಯಲ್ಲಿ. ತಾಯಿತಂದೆಯರಿಟ್ಟ ಹೆಸರು ವೆಂಕಟಲಕ್ಷ್ಮಿ. ಕನ್ನಡದ ಓದುಗರು ಬಲ್ಲುದು ಅನುಪಮಾ ಎಂಬ ಹೆಸರನ್ನೇ. ಮೈಸೂರಿನಲ್ಲಿ ವೈದ್ಯಶಿಕ್ಷಣ ಪಡೆದು, 1956ರಲ್ಲಿ ಕಾದಂಬರಿಕಾರ ನಿರಂಜನರ ಕೈಹಿಡಿದರು. ಧಾರವಾಡದಲ್ಲಿ, ಅನಂತರ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. ಲೇಖಣಿ ಹಿಡಿದವರು ರೋಗಿಗಳ ನಾಡಿ ಹಿಡಿಯುವುದನ್ನು ಬಿಡಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುವ ಹೊಣೆಯೂ ಜೊತೆಗಿತ್ತು. ಮುಂದೆ ಪತಿಗೆ ಪಾರ್ಶ್ವವಾಯು ತಗಲಿದಾಗ ಸಂಸಾರದ ಭಾರ ಇಮ್ಮಡಿಯಾಯಿತು.

ಇಷ್ಟರ ನಡುವೆ ಅವರು ಬರೆದುದನ್ನು ನೋಡಿದರೆ ಅಚ್ಚರಿಯೆನಿಸುತ್ತದೆ. ಹೊಸದಾಗಿ ಮದುವೆಯಾದವಳಿಗೆ ‘ವಧುವಿಗೆ ಕಿವಿಮಾತು’. ಸತಿಪತಿಗಳಿಬ್ಬರಿಗೂ ‘ದಾಂಪತ್ಯ ದೀಪಿಕೆ’. ಮಡಿಲಲ್ಲಿ ಕೂಸಿರುವವಳಿಗೆ ‘ತಾಯಿ-ಮಗು’. ಹರೆಯದ ಹೊಸ್ತಿಲಲ್ಲಿ ನಿಂತ ಹುಡುಗಿಗೆ ‘ಕೇಳು ಕಿಶೋರಿ’. ಮಕ್ಕಳಿಗಾಗಿ ವರ್ಷದ ಪ್ರತಿದಿನಕ್ಕೂ ಒಂದರಂತೆ ‘ದಿನಕ್ಕೊಂದು ಕಥೆ’. ಹೆಣ್ಣಿನ ಬಾಳಿನ ಒಂದೊಂದು ಘಟ್ಟದಲ್ಲೂ ಜೊತೆಗೆ ನಿಲ್ಲುವ ಹೊತ್ತಗೆಯೊಂದು ಇರಲೆಂಬಂತಿದೆ ಈ ಸಾಲು. ಮದುವೆಯ ಉಡುಗೊರೆಗಳ ನಡುವೆ ಸೀರೆ, ಬೆಳ್ಳಿಯ ಬಟ್ಟಲುಗಳ ಜೊತೆಗೆ ಸಲ್ಲಬಹುದಾದ ಪುಸ್ತಕಗಳಿವು. ಇವುಗಳಲ್ಲಿ ಕೆಲವು ಅನೇಕ ಮುದ್ರಣಗಳನ್ನು ಕಂಡಿವೆ.

ಕಾದಂಬರಿಗೆ ಕೈಹಾಕಿದಾಗಲೂ ಅವರ ಚಿಂತೆ ಬೇರೆಯಾಗಲಿಲ್ಲ. ಕುದುರೆಗಳಿಗಾಗಿ ಒಬ್ಬ ರಾಜನಿಂದ ಇನ್ನೊಬ್ಬನ ಕೈಗೆ ದಾಟಿ, ಅವರವರಿಗೆ ಪುತ್ರರನ್ನು ಹೆತ್ತುಕೊಡಬೇಕಾದ ಯಯಾತಿಯ ಮಗಳ ಕಥೆ ಮಹಾಭಾರತದಲ್ಲಿದೆ. ಆಕೆಯನ್ನೇ ನಾಯಕಿಯಾಗಿಸಿ ಅವರು ‘ಮಾಧವಿ’ಯನ್ನು ರಚಿಸಿದರು. ಅವರ ‘ಋಣಮುಕ್ತಳು’ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ 1984ರಲ್ಲಿ ಚಲನಚಿತ್ರವಾಯಿತು.

ಪರರಿಗೆ ಧೈರ್ಯ ಹೇಳುವುದು ಸುಲಭ. ತನಗೇ ಹೇಳಿಕೊಳ್ಳುವುದು ಕಷ್ಟ. ಆ ಪರೀಕ್ಷೆಯೂ ಅವರಿಗೆ ಬಂತು. ಕ್ಯಾನ್ಸರ್ ರೋಗದ ಬಗ್ಗೆ ಜನರಿಗೆ ತಿಳಿಯುವಂತೆ ಪುಸ್ತಕ ಬರೆದ ವೈದ್ಯೆಯನ್ನೇ ಆ ರೋಗ ಹಿಡಿಯಿತು. ಅವರು ತಮ್ಮ ಬಾಳಿನ ಕಥೆಗೆ ಇಟ್ಟ ಹೆಸರು ‘ನೆನಪು: ಸಿಹಿ-ಕಹಿ’. 1991ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಅರುವತ್ತೂ ಆಗಿರಲಿಲ್ಲ. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ.

ಕಾಲ ಬದಲಾಗಿದೆ, ಹೇಳಲು ನಾಚಿಕೆ ಮಾತ್ರ ಪೂರ್ತಿ ಹೋಗಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಸಂಜೆ ಸಿದ್ಧ ಉಡುಪಿನ ಕಾರ್ಖಾನೆಗಳು ಬಿಡುವ ಹೊತ್ತಿಗೆ ಹೆಂಗಸರು ಗುಂಪುಗುಂಪಾಗಿ ಹೊರಬರುತ್ತಾರೆ. ಅವರಲ್ಲಿ ಅನೇಕರು ಹುಟ್ಟೂರನ್ನೂ ತಾಯಿಯನ್ನೂ ದೂರ ಬಿಟ್ಟು ದುಡಿಯಲು ಬಂದವರು. ದಿನವಿಡೀ ಹೊಲಿಗೆಯಂತ್ರದ ಮುಂದೆ ಕುಳಿತ ಬೆನ್ನಿನ ನೋವನ್ನಾದರೂ ಗೆಳತಿಯೊಡನೆ ಆಡಿಯಾರು. ಮುಟ್ಟಿನ ತೊಂದರೆಯನ್ನು, ಬಸುರಿನ ಭಯವನ್ನು ಯಾರ ಕಿವಿಯಲ್ಲಿ ಹಾಕಬೇಕು? ಅಂಥವರ ಕೈಗೆ ಎಟುಕುವ ಬೆಲೆಗೆ, ಅವರಿಗೆ ಅರ್ಥವಾಗುವ ನುಡಿಯಲ್ಲಿ, ಹಿರಿಯಕ್ಕನಂತೆ ಮಾತಾಡುವ ಪುಸ್ತಕಗಳು ಇಂದಿಗೂ ಬೇಕು. ವೈದ್ಯರ ಮನೆಗೆ ಹೋಗುವ ದಾರಿಯನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲು ತೋರಿಸುವುದು ಅಂಥದೊಂದು ಪುಟವೇ.