ಒಂದು ಡಾಲರಿನ ಬಾಂಧವ್ಯ

ಮನೆಯ ಯಜಮಾನನು ಅಕಾಲದಲ್ಲಿ ಕಣ್ಮುಚ್ಚಿದರೆ ಮಡದಿಮಕ್ಕಳ ಗತಿಯೇನು? ದುಡಿದುಣ್ಣುವ ಸಂಸಾರಗಳನ್ನೆಲ್ಲ ಕಾಡುವ ಪ್ರಶ್ನೆಯಿದು. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಮೀಡ್‌ವಿಲ್ ಎಂಬ ಊರಿನಲ್ಲಿ, ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಕೆಲಸಗಾರನು 1868ರಲ್ಲಿ ಇದಕ್ಕೊಂದು ಉಪಾಯ ಹೂಡಿದನು. ಅವನು ಸ್ಥಾಪಿಸಿದ ‘ಏನ್ಷಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್’ ಎಂಬ ಸೋದರ ಸಂಘದಲ್ಲಿ ಸದಸ್ಯನೊಬ್ಬನು ತೀರಿಕೊಂಡರೆ, ಉಳಿದವರು ತಲೆಗೊಂದು ಡಾಲರು ಕೊಡಬೇಕು. ಕೂಡಿದ ಹಣ ಅವನ ಸಂಸಾರಕ್ಕೆ ಸಲ್ಲಬೇಕು. ಹನಿಗೂಡಿದರೆ ಹಳ್ಳವಲ್ಲವೆ? ಇದನ್ನು ನೋಡಿ ಇಂಥ ಸಂಘಗಳು ಊರೂರಿನಲ್ಲಿಯೂ ತಲೆಯೆತ್ತಿದವು.

ಆದರೆ ಈ ಸರಳ ಲೆಕ್ಕದಲ್ಲಿ ಒಂದು ಮುಳ್ಳು ಅಡಗಿತ್ತು. ಸಾವಿರ ಮಂದಿ ತರುಣರ ಸಂಘವೊಂದನ್ನು ಊಹಿಸಿಕೊಳ್ಳಿ. ವರ್ಷಕ್ಕೆ 5 ಸಾವುಗಳಾದರೆ ಒಬ್ಬೊಬ್ಬನ ಪಾಲಿಗೆ 5 ಡಾಲರು. ಅವರ ತಲೆ ನರೆತಾಗ ಸಾವುಗಳು 20ಕ್ಕೇರುತ್ತವೆ, ವಂತಿಗೆಯೂ ನಾಲ್ಮಡಿಯಾಗುತ್ತದೆ. ಮುದುಕನಿಗೂ ತರುಣನಿಗೂ ಒಂದೇ ದರ. ಆಗ ಹೊಸ ಹುಡುಗರು ಇತ್ತ ಸುಳಿಯದೆ, ವಂತಿಗೆ ಕಡಿಮೆಯಿರುವ ಹೊಸ ಸಂಘವನ್ನು ಅರಸುತ್ತಾರೆ. ಸದಸ್ಯರು 500ಕ್ಕಿಳಿದರೆ, ಜೀವಮಾನವೆಲ್ಲ ತಪ್ಪದೆ ತೆತ್ತವನ ವಿಧವೆಗೆ ದೊರೆಯುವುದು ಅರ್ಧ ಹಣ ಮಾತ್ರ. ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಮೋಸಮಾಡಿಲ್ಲ. ವಯಸ್ಸನ್ನು ಮರೆತ ಲೆಕ್ಕವೇ ಮೋಸಮಾಡಿತು.

ಇದಕ್ಕೆ ಮದ್ದು ಇಂಗ್ಲೆಂಡಿನಲ್ಲಿ ಮೊದಲೇ ದೊರೆತಿತ್ತು. 1810ರಲ್ಲಿ ಹುಟ್ಟಿದ ಆಡ್‌ಫೆಲೋಸ್ ಬಳಗದ ಮ್ಯಾಂಚೆಸ್ಟರ್ ಯೂನಿಟಿಯ ಕಾರ್ಯದರ್ಶಿ ಹೆನ್ರಿ ರ‍್ಯಾಟ್‌ಕ್ಲಿಫ್, ಶಾಖೆಗಳ ರೋಗ-ಮರಣಗಳ ದಾಖಲೆಗಳನ್ನು ಕಲೆಹಾಕಿ, ವಯೋಮಾನಕ್ಕನುಗುಣವಾದ ಪಟ್ಟಿಗಳನ್ನು 1850ರಲ್ಲಿ ಪ್ರಕಟಿಸಿದನು. ಸೇರುವಾಗಿನ ವಯಸ್ಸಿಗೆ ತಕ್ಕ ವಂತಿಗೆ. ಹರೆಯದಲ್ಲಿ ಮಿಕ್ಕ ಹಣ ಮುಪ್ಪಿನ ಕಾಲಕ್ಕೆ ಮೀಸಲು, ಇದೇ ಅದರ ತಿರುಳು. ಐದು ವರ್ಷಗಳಿಗೊಮ್ಮೆ ಸಂಘದ ಆಸ್ತಿಯನ್ನೂ ಹೊಣೆಯನ್ನೂ ತೂಗಿನೋಡಬೇಕೆಂದು 1875ರ ಕಾಯಿದೆ ವಿಧಿಸಿತು. 1911ರ ರಾಷ್ಟ್ರೀಯ ವಿಮಾ ಕಾಯಿದೆ ಇಂಥ ಸಂಘಗಳನ್ನು ಸರಕಾರದ ಯೋಜನೆಯಲ್ಲಿಯೇ ಸೇರಿಸಿಕೊಂಡಿತು. 1948ರಲ್ಲಿ ಆ ಕೆಲಸವೂ ಅವುಗಳ ಕೈಬಿಟ್ಟಿತು.

ಅಮೆರಿಕದ ಹಲವು ಹಳೆಯ ಊರುಗಳಲ್ಲಿ ಇಂಥ ಸಂಘಗಳ ಕಟ್ಟಡಗಳನ್ನು ಈಗಲೂ ಕಾಣಬಹುದು. ಕೆಳಗೆ ಅಂಗಡಿ, ಮೇಲೆ ಸಭಾಂಗಣ. ಸದಸ್ಯರ ವಂತಿಗೆ ಸಾಲದಾದಾಗ ಅಂಗಡಿಯ ಬಾಡಿಗೆಯೇ ಸೂರಿನ ದುರಸ್ತಿಗೆ ಒದಗಬೇಕು.

ಅಣ್ಣತಮ್ಮಂದಿರಂತಿದ್ದವರು ಲೆಕ್ಕವೇಕೆಂದು ಕೇಳುವುದುಂಟು. ಆದರೆ ನಾಳೆ ಕೈಚಾಚಿ ಬರುವ ವಿಧವೆಗೆ ಬರಿಗೈ ತೋರಿಸಬಾರದೆಂದರೆ, ಇಂದಿನ ಒಲುಮೆಯ ಜೊತೆಗೆ ಒಂದು ಖಾತೆ ಪುಸ್ತಕವೂ ಇರಬೇಕು.