ಕೇಬಲ್ ಎರಡು, ದಾರಿ ಒಂದೇ

2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದ ಹೋವರ್ಡ್ ಸ್ಟ್ರೀಟ್ ಸುರಂಗದಲ್ಲಿ ಗೂಡ್ಸ್ ರೈಲೊಂದು ಹಳಿ ತಪ್ಪಿ ಹೊತ್ತಿ ಉರಿಯಿತು. ಸುರಂಗದೊಳಗಿದ್ದ ಆಪ್ಟಿಕಲ್ ಫೈಬರ್ ಕೇಬಲ್‌ಗಳೂ ಸುಟ್ಟು, ಹಲವು ದೂರಸಂಪರ್ಕ ಕಂಪನಿಗಳ ಜಾಲಕ್ಕೆ ಒಟ್ಟಿಗೇ ಪೆಟ್ಟು ಬಿತ್ತು. ಬಿಲ್ಲಿನ ಮೇಲಿನ ಹೆಸರು ಬೇರೆ ಬೇರೆಯಾದರೂ ನೆಲದಡಿಯ ದಾರಿ ಒಂದೇ ಆಗಿತ್ತು. ಜಾಲದ ಭದ್ರತೆಯನ್ನು ಕೇಬಲ್ ಎಣಿಸಿ ಅಳೆಯುವವರು ಮರೆಯುವುದು ಇದನ್ನೇ.

ಕೇಬಲ್ ಕಡಿದರೂ ಸಂಪರ್ಕ ಉಳಿಸುವ ವಿದ್ಯೆ ಹೊಸತಲ್ಲ. ಒಂದೇ ಬೆಳಕಿನ ಸಂಕೇತವನ್ನು ಎರಡು ದಾರಿಗಳಲ್ಲಿ ಕಳಿಸಿದರೆ, ಮೊದಲನೆಯದು ಕಡಿದ ಕೂಡಲೇ ಆಚೆ ತುದಿಯ ಉಪಕರಣ ಎರಡನೆಯದಕ್ಕೆ ಹೊರಳುತ್ತದೆ. ಎಸ್‌ಡಿಎಚ್ ಎಂಬ ಮಾನದಂಡದ ವರ್ತುಲ ಜಾಲಗಳಲ್ಲಿ ಈ ಹೊರಳಾಟ 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕೆಂಬುದು ನಿಯಮ. ಫೋನಿನಲ್ಲಿ ಮಾತಾಡುತ್ತಿರುವವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಅರ್ಧ ಸಾಮರ್ಥ್ಯವನ್ನು ಸದಾ ಮೀಸಲಿಟ್ಟು ಹಣ ಮಣ್ಣುಪಾಲು ಮಾಡುವುದೇಕೆ? ಈ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಎಂಜಿನಿಯರುಗಳು ಮೀಸಲನ್ನು ಹಂಚಿಕೊಳ್ಳುವ ಉಪಾಯ ಕಂಡುಕೊಂಡರು: ಒಂದೇ ಹೊತ್ತಿಗೆ ಕೆಡಲಾರದ ಎರಡು ಮಾರ್ಗಗಳಿಗೆ ಒಂದೇ ಬದಲಿ ಮಾರ್ಗ ಸಾಕು. ಒಂದೇ ಹೊತ್ತಿಗೆ ಕೆಡಲಾರವು ಎಂದು ಹೇಳುವುದು ಯಾವ ಧೈರ್ಯದಿಂದ? ಎರಡೂ ಒಂದೇ ಸೇತುವೆಯ ಮೇಲೆ ಹಾದುಹೋಗಿದ್ದು, ಆ ಸೇತುವೆ ಕುಸಿದರೆ, ಮೀಸಲಿನಲ್ಲಿ ಜಾಗ ಸಿಗುವುದು ಒಂದಕ್ಕೆ ಮಾತ್ರ. ಖರ್ಚು ಉಳಿಸಿದಷ್ಟೂ ದಾರಿಗಳ ನಕ್ಷೆ ಕರಾರುವಾಕ್ಕಾಗಿರಬೇಕು.

ಇಂಟರ್ನೆಟ್ ತಾನಾಗಿಯೇ ಸುತ್ತುದಾರಿ ಹುಡುಕಿಕೊಳ್ಳುತ್ತದಲ್ಲ, ಎಂದು ಕೆಲವರು ಕೇಳಬಹುದು. ಹುಡುಕುತ್ತದೆ, ನಿಜ. 2008ರ ಜನವರಿ ಕೊನೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಸೀ-ಮಿ-ವಿ 4 ಮತ್ತು ಫ್ಲ್ಯಾಗ್ ಕೇಬಲ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ತುಂಡಾದಾಗಲೂ ಹುಡುಕಿತು. ಭಾರತದಿಂದ ಪಶ್ಚಿಮಕ್ಕೆ ಹೋಗಬೇಕಾದ ದತ್ತಾಂಶ ಪೂರ್ವದ ಕಡೆಯಿಂದ ಭೂಮಿ ಸುತ್ತಿ ಹೊರಟಿತು. ಅಲ್ಲಿ ಅಷ್ಟಕ್ಕೆ ಜಾಗವಿರಲಿಲ್ಲ. ದೇಶದ ಹೊರಸಂಪರ್ಕ ಸಾಮರ್ಥ್ಯ ಅರ್ಧದಷ್ಟು ಕುಸಿಯಿತೆಂದು ಆಗ ವರದಿಯಾಗಿತ್ತು. ದಾರಿ ಆರಿಸುವ ರೂಟರ್‌ಗೆ ಕೊಂಡಿಗಳು ಕಾಣುತ್ತವೆ, ಅವುಗಳಡಿಯ ಸಮುದ್ರತಳ ಕಾಣುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಬಾರಿ ಕಡಲ ಕೇಬಲ್‌ಗಳು ಕೆಡುತ್ತವೆ. ಹೆಚ್ಚಿನವು ಮೀನುಬಲೆಗೋ ಹಡಗಿನ ಲಂಗರಿಗೋ ಸಿಕ್ಕಿದಂಥವು. 2024ರಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಮೂರು ಕೇಬಲ್ ತುಂಡಾದವು. ಏಷ್ಯಾ-ಯುರೋಪ್ ನಡುವಿನ ಕೇಬಲ್‌ಗಳು ಇಂದಿಗೂ ಬಹುಮಟ್ಟಿಗೆ ಕೆಂಪು ಸಮುದ್ರದಿಂದ ಮೆಡಿಟರೇನಿಯನ್‌ವರೆಗಿನ ಅದೇ ಇಕ್ಕಟ್ಟಿನಲ್ಲಿ ನುಸುಳುತ್ತವೆ. ಹತ್ತಿರದ ದಾರಿ, ಅಗ್ಗದ ದಾರಿ.

ನಮ್ಮೂರುಗಳ ಆಸ್ಪತ್ರೆ, ಬ್ಯಾಂಕುಗಳೂ ಎರಡು ಕಂಪನಿಗಳ ಲೈನ್ ಹಾಕಿಸಿಕೊಂಡು ನಿಶ್ಚಿಂತೆಯಾಗಿರುವುದುಂಟು. ರಸ್ತೆ ಅಗೆಯುವ ಜೆಸಿಬಿ ಕಂಪನಿಯ ಹೆಸರು ನೋಡುವುದಿಲ್ಲ. ಎರಡನೆಯ ಲೈನಿಗೆ ಹಣ ಕಟ್ಟುವ ಮುನ್ನ ಅದು ಯಾವ ರಸ್ತೆಯಡಿಯಲ್ಲಿ ಬರುತ್ತದೆಂದು ನಕ್ಷೆ ತೋರಿಸಲು ಕೇಳಿ. ತೋರಿಸದಿದ್ದರೆ ಬೇರೆಯವರನ್ನು ನೋಡಿ.