ಮಲಪ್ರಭೆಯ ದಂಡೆಯ ಮತ: ಒಂದೇ ಬೆರಳು, ಎರಡು ಲೆಕ್ಕ

ಕಿತ್ತೂರಿನ ಮತದಾರನದು ಒಂದು ವಿಚಿತ್ರ ಯೋಗ. ಜಿಲ್ಲಾ ಕಚೇರಿಯ ಕೆಲಸವಿದ್ದರೆ ಅವನು ಬೆಳಗಾವಿಗೆ ಹೋಗಬೇಕು. ಲೋಕಸಭೆ ಚುನಾವಣೆ ಬಂದಾಗ ಮಾತ್ರ ಅವನ ಓಟು ಘಟ್ಟ ಇಳಿದು ಕಾರವಾರ, ಕುಮಟಾ, ಭಟ್ಕಳದವರ ಓಟಿನೊಡನೆ ಸೇರುತ್ತದೆ. ಕಿತ್ತೂರು ವಿಧಾನಸಭಾ ಕ್ಷೇತ್ರ ಪಕ್ಕದ ಖಾನಾಪುರದಂತೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಭಾಗ. ನೆರೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿವೆ.

ಈ ಎರಡೂ ಲೋಕಸಭಾ ಕ್ಷೇತ್ರಗಳು 2004ರಿಂದ ಬಿಜೆಪಿಯ ಕೈ ತಪ್ಪಿಲ್ಲ. ಬೆಳಗಾವಿಯಲ್ಲಿ ಸುರೇಶ ಅಂಗಡಿ ಸತತ ನಾಲ್ಕು ಬಾರಿ ಗೆದ್ದರು. 2020ರಲ್ಲಿ ಅವರು ತೀರಿಕೊಂಡ ಬಳಿಕ ನಡೆದ 2021ರ ಉಪಚುನಾವಣೆಯಲ್ಲಿ ಪತ್ನಿ ಮಂಗಲಾ ಅಂಗಡಿ 5,240 ಮತಗಳಿಂದ ದಡ ಸೇರಿದರು. ಆದರೆ ವಿಧಾನಸಭೆಗೆ ಇದೇ ಜನ ಬೇರೆಯೇ ಲೆಕ್ಕ ಹಾಕುತ್ತಾರೆ. 2023ರಲ್ಲಿ ನಾಲ್ಕೂ ಕಡೆ ಕಾಂಗ್ರೆಸ್ ಗೆದ್ದಿತು. ಮರುವರ್ಷ ಬೆಳಗಾವಿಯಿಂದ ಬಿಜೆಪಿಯ ಜಗದೀಶ ಶೆಟ್ಟರ್ 1.70 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಆರಿಸಿ ಬಂದರು!

ಬೆಳಗಾವಿ ಎಂದೊಡನೆ ಹೊರಗಿನವರಿಗೆ ಗಡಿ ತಂಟೆ ನೆನಪಾಗುತ್ತದೆ. ಅಚ್ಚ ಕನ್ನಡದ ಈ ಸೀಮೆಯಲ್ಲಿ ಅದು ಓಟು ತರುವುದೂ ಇಲ್ಲ, ಕಳೆಯುವುದೂ ಇಲ್ಲ. ಇಲ್ಲಿ ಕುತೂಹಲವೆಲ್ಲ ಟಿಕೆಟ್ ಯಾರಿಗೆ, ಬಂಡಾಯ ಯಾರದು ಎಂಬುದರಲ್ಲಿ.

ಬೈಲಹೊಂಗಲವನ್ನೇ ನೋಡಿ. 2008ರಲ್ಲಿ ಬಿಜೆಪಿಯ ಜಗದೀಶ ಮೆಟಗುಡ್ಡ ಗೆದ್ದರು. ಯಡಿಯೂರಪ್ಪ ಪಕ್ಷ ಬಿಟ್ಟು ಕೆಜೆಪಿ ಕಟ್ಟಿದಾಗ, 2013ರಲ್ಲಿ ರಾಜ್ಯದಲ್ಲಿ ಅದಕ್ಕೆ ದಕ್ಕಿದ್ದು ಆರೇ ಸ್ಥಾನ. ಅದರಲ್ಲಿ ಒಂದು ಬೈಲಹೊಂಗಲ, ಗೆದ್ದವರು ಡಾ. ವಿಶ್ವನಾಥ ಪಾಟೀಲ. ಯಡಿಯೂರಪ್ಪ ಮರಳಿ ಬಿಜೆಪಿಗೆ ಬಂದರು, ಆದರೆ ಊರಿನಲ್ಲಿ ಬಿದ್ದ ಬಿರುಕು ಕೂಡಲಿಲ್ಲ. 2018ರಲ್ಲಿ ಬಿಜೆಪಿ ಟಿಕೆಟ್ ಪಾಟೀಲರಿಗೆ ಸಿಕ್ಕಿತು, ಮೆಟಗುಡ್ಡರು ಪಕ್ಷೇತರರಾಗಿ ನಿಂತರು. ಇಬ್ಬರ ಮತ ಕೂಡಿಸಿದರೆ ಗೆದ್ದ ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿಯವರ ಮತಕ್ಕಿಂತ ಹೆಚ್ಚು. 2023ರಲ್ಲಿ ಪಾತ್ರ ಅದಲುಬದಲಾಯಿತು: ಟಿಕೆಟ್ ಮೆಟಗುಡ್ಡರಿಗೆ, ಬಂಡಾಯ ಪಾಟೀಲರದು. ಗೆದ್ದವರು ಮಾತ್ರ ಮತ್ತೆ ಕೌಜಲಗಿ.

ರಾಮದುರ್ಗದಲ್ಲಿ ಕಾಂಗ್ರೆಸ್ಸಿನ ಅಶೋಕ ಪಟ್ಟಣ 2008, 2013ರಲ್ಲಿ ಗೆದ್ದರೆ, 2018ರಲ್ಲಿ ಬಿಜೆಪಿಯ ಮಹಾದೇವಪ್ಪ ಯಾದವಾಡ ಗೆದ್ದರು. 2023ರಲ್ಲಿ ಬಿಜೆಪಿ ಹಾಲಿ ಶಾಸಕರನ್ನು ಬಿಟ್ಟು ಚಿಕ್ಕರೇವಣ್ಣ ಅವರಿಗೆ ಟಿಕೆಟ್ ಕೊಟ್ಟಿತು. ಸ್ಥಾನ ಪಟ್ಟಣರಿಗೆ ಮರಳಿತು. ಕಿತ್ತೂರು 2008ರಿಂದ ಯಾವ ಪಕ್ಷಕ್ಕೂ ಎರಡನೇ ಸಲ ಸತತ ಅವಕಾಶ ಕೊಟ್ಟಿಲ್ಲ. ಸವದತ್ತಿಯದು ಇದಕ್ಕೆ ತದ್ವಿರುದ್ಧ. ಅಲ್ಲಿ ಆನಂದ ಮಾಮನಿ ಬಿಜೆಪಿಯಿಂದ ಮೂರು ಸಲ ಸತತ ಗೆದ್ದರು. ತಂದೆ ಚಂದ್ರಶೇಖರ ಮಾಮನಿಯವರಂತೆ ವಿಧಾನಸಭೆಯ ಉಪಾಧ್ಯಕ್ಷರೂ ಆದರು. 2022ರ ಅಕ್ಟೋಬರಿನಲ್ಲಿ ಅವರು ನಿಧನರಾದರು. ಮುಂದಿನ ಚುನಾವಣೆಯಲ್ಲಿ ಪತ್ನಿ ರತ್ನಾ ಮಾಮನಿ ಕಾಂಗ್ರೆಸ್ಸಿನ ವಿಶ್ವಾಸ ವೈದ್ಯರೆದುರು ಸೋತರು. ಅನುಕಂಪದ ಅಲೆಯನ್ನು ನೆಚ್ಚಿದವರ ಲೆಕ್ಕ ತಪ್ಪಿತು.

ವ್ಯಕ್ತಿಯನ್ನು ನೋಡಿ ಮತ ಹಾಕುವ ಈ ರೂಢಿಯ ಬೇರು ಹಳ್ಳಿಯಲ್ಲಿದೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಪತ್ತಿನ ಸಹಕಾರ ಸಂಘಕ್ಕೂ ಇಲ್ಲ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗೂ ಇಲ್ಲ. ಅಲ್ಲಿ ಇರುವುದು ಪೆನಲ್ಲು. ಒಂದು ಪೆನಲ್ಲಿನಲ್ಲಿ ಎರಡು ಪಕ್ಷದವರು ಒಟ್ಟಿಗೆ ಕೂತರೆ ಯಾರೂ ಹುಬ್ಬೇರಿಸುವುದಿಲ್ಲ. ಸಾಲ ಕೊಡಿಸಿದವರು ಯಾರು, ಕಬ್ಬಿನ ಬಿಲ್ಲಿಗೆ ಓಡಾಡಿದವರು ಯಾರು ಎಂಬ ನೆನಪು ವಿಧಾನಸಭೆಯ ಮತಗಟ್ಟೆಯವರೆಗೂ ಬರುತ್ತದೆ. ದೆಹಲಿಯ ಚುನಾವಣೆಗೆ ಈ ನೆನಪು ಅಷ್ಟಾಗಿ ನೆರವಾಗದು. ಅಲ್ಲಿ ಪಕ್ಷ ಮತ್ತು ಪ್ರಧಾನಿಯ ಹೆಸರೇ ಮುಂದು.

ವ್ಯಕ್ತಿಗಿಂತ ಪ್ರಶ್ನೆಯೇ ದೊಡ್ಡದಾದ ಕಾಲವೂ ಇತ್ತು. ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಮೇಲೆ ರೈತರ ಮೇಲೆ ಅಭಿವೃದ್ಧಿ ಕರ ಬಿತ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. 1983ರಲ್ಲಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಕಿತ್ತೂರು ಆರಿಸಿದ್ದು ಜನತಾ ಪಕ್ಷದ ಡಿ.ಬಿ. ಇನಾಮದಾರರನ್ನು. ಅದೇ ಇನಾಮದಾರರು ಮುಂದೆ ಕಾಂಗ್ರೆಸ್ಸಿನಿಂದಲೂ ಗೆದ್ದರು. ಜನ ಚಿಹ್ನೆ ಬಿಟ್ಟು ಅವರ ಬೆನ್ನು ಹತ್ತಿದರು ಎನ್ನಬಹುದು.

ಎರಡು ಲೆಕ್ಕದ ತೊಡಕು ಕಾಣುವುದು ಮಲಪ್ರಭೆಯ ನೀರಿನ ವಿಷಯದಲ್ಲೇ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಕಳಸಾ–ಬಂಡೂರಿ ಕಾಲುವೆಗಳಿಂದ ಮಲಪ್ರಭೆಗೆ ಬರಬೇಕಾದದ್ದು 3.90 ಟಿಎಂಸಿ. ಕಾಲುವೆ ತೋಡುವುದು ರಾಜ್ಯ. ವನ್ಯಜೀವಿ ಮಂಡಳಿಯ ಅನುಮತಿ ಸಿಗಬೇಕಾದದ್ದು ದೆಹಲಿಯಲ್ಲಿ. ಮದುವೆ, ಜಾತ್ರೆ, ತೇರಿನಲ್ಲಿ ಕೈಗೆ ಸಿಗುವವರು ಶಾಸಕರು. ಹಾಗಾಗಿ ಕಾಲುವೆ ಎಲ್ಲಿಗೆ ಬಂತೆಂಬ ಪ್ರಶ್ನೆಯನ್ನು ಅವರೇ ಎದುರಿಸಬೇಕು. ಅದೇ ಪ್ರಶ್ನೆಯನ್ನು ಸಂಸದರಿಗೆ ಕೇಳಬೇಕೆಂದರೆ, ಕಿತ್ತೂರಿನವನು ಘಟ್ಟ ಇಳಿಯಬೇಕು.